ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ: ಲಸಿಕೆ ಪೆಟ್ಟಿಗೆಯ ಜ್ವರ ನೋಡುವ ಕೆಲಸ

ಹಾಲು ಕೆಟ್ಟರೆ ಒಡೆಯುತ್ತದೆ. ಅನ್ನ ಹಳಸಿದರೆ ಮುಚ್ಚಳ ತೆಗೆಯುತ್ತಿದ್ದಂತೆಯೇ ಮೂಗಿಗೆ ಗೊತ್ತಾಗುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಕಣ್ಣಿಗೇ ಕಾಣುತ್ತದೆ. ಲಸಿಕೆಯ ವಿಷಯ ಹಾಗಲ್ಲ. ಬಿಸಿಲಿನಲ್ಲಿ ಬೆಂದ ಪೋಲಿಯೊ ಹನಿ ನೋಡಲು ಒಳ್ಳೆಯ ಹನಿಯಂತೆಯೇ ಇರುತ್ತದೆ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕರಗಿದ ಹೆಪಟೈಟಿಸ್-ಬಿ ಲಸಿಕೆ ಸೀಸೆಯೊಳಗೆ ಎಂದಿನಂತೆ ಬೆಳ್ಳಗೆ ಕುಳಿತಿರುತ್ತದೆ. ಅದನ್ನೇ ಸಿರಿಂಜಿಗೆ ಎಳೆದು ಮಗುವಿಗೆ ಚುಚ್ಚಿದರೆ ಮಗು ಅಳುತ್ತದೆ, ತಾಯಿ ಸಮಾಧಾನ ಮಾಡುತ್ತಾಳೆ, ಕಾರ್ಡಿನಲ್ಲಿ ದಿನಾಂಕ ಬೀಳುತ್ತದೆ. ಆದರೆ ಮಗುವಿಗೆ ಸಿಗಬೇಕಾದ ರಕ್ಷಣೆ ಪೂರ್ತಿ ಸಿಕ್ಕಿರುವುದಿಲ್ಲ. ಅದು ಯಾರಿಗೂ ತಿಳಿಯುವುದೂ ಇಲ್ಲ.

ಹೀಗೆ ಗುಟ್ಟಾಗಿ ಕೆಡುವ ವಸ್ತುವನ್ನು ಕಾಯುವುದು ಹೇಗೆ? ವಸ್ತು ತನ್ನ ಸ್ಥಿತಿಯನ್ನು ತಾನೇ ಹೇಳದಿದ್ದರೆ, ಅದು ಎಲ್ಲೆಲ್ಲಿ ಇತ್ತು, ಅಲ್ಲಿ ಎಷ್ಟು ಉಷ್ಣಾಂಶವಿತ್ತು ಎಂಬುದನ್ನು ಬರೆದಿಡಬೇಕು. ದೇಶದ ಸಾವಿರಾರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಿನಕ್ಕೆ ಎರಡು ಬಾರಿ ನಡೆಯುವ ಒಂದು ಸಣ್ಣ ಕೆಲಸದ ಹಿಂದಿನ ತರ್ಕ ಇಷ್ಟೆ. ಲಸಿಕೆ ಪೆಟ್ಟಿಗೆಯ ಮುಚ್ಚಳ ಸರಿಸಿ, ಒಳಗಿನ ಥರ್ಮಾಮೀಟರ್ ಓದಿ, ಪುಸ್ತಕದಲ್ಲಿ ಬರೆದು, ಸಹಿ ಹಾಕುವುದು. ಎರಡು ನಿಮಿಷದ ಕೆಲಸ. ಭಾನುವಾರವೂ ಮಾಡಬೇಕು, ಹಬ್ಬದ ದಿನವೂ ಮಾಡಬೇಕು.

ಮಕ್ಕಳ ತೋಳಿನಲ್ಲಿ ಬಂದ ಲಸಿಕೆ

ಉಷ್ಣಾಂಶದೊಂದಿಗೆ ಲಸಿಕೆಯ ಜಗಳ ಹಳೆಯದು. ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಪ್ರಯೋಗ ಮಾಡಿದ ಮೇಲೆ ಅದನ್ನು ಭಾರತಕ್ಕೆ ತರುವ ಪ್ರಯತ್ನಗಳು ಶುರುವಾದವು. ದಾರಕ್ಕೆ ಹಚ್ಚಿ ಒಣಗಿಸಿದ, ಗಾಜಿನ ನಡುವೆ ಮುಚ್ಚಿಟ್ಟ ಲಸಿಕೆ ದ್ರವ ದೂರದ ಪ್ರಯಾಣದಲ್ಲಿ, ಉಷ್ಣ ದೇಶಗಳ ಸೆಕೆಯಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಗೆ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ದ್ರವ ಫಲ ಕೊಟ್ಟಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ ಲಸಿಕೆ ಯಶಸ್ವಿಯಾಯಿತು. ಆಕೆಯ ತೋಳಿನ ಗುಳ್ಳೆಯಿಂದ ಬೇರೆ ಮಕ್ಕಳಿಗೆ, ಆ ಮಕ್ಕಳಿಂದ ಇನ್ನಷ್ಟು ಮಕ್ಕಳಿಗೆ, ಹೀಗೆ ತೋಳಿನಿಂದ ತೋಳಿಗೆ ಲಸಿಕೆ ದೇಶದೊಳಗೆ ಸಾಗಿತು. ಆಗ ಬೇರೆ ಶೀತಲ ಪೆಟ್ಟಿಗೆ ಇರಲಿಲ್ಲ. ಮಕ್ಕಳ ಮೈಯೇ ಪೆಟ್ಟಿಗೆಯಾಗಿತ್ತು.

ಒಂದೂವರೆ ಶತಮಾನದ ನಂತರ, 1950ರ ದಶಕದಲ್ಲಿ, ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ಸಿಡುಬಿನ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ಒಳ್ಳೆಯ ವಿಧಾನ ಕಂಡುಕೊಂಡರು. ಆ ಪುಡಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ವಾರ ಇಟ್ಟರೂ ಸತ್ವ ಉಳಿಸಿಕೊಳ್ಳುತ್ತಿತ್ತು. 1980ರಲ್ಲಿ ಸಿಡುಬು ಭೂಮಿಯಿಂದ ಅಳಿಯಿತೆಂದು ಸಾರಲು ಸಾಧ್ಯವಾಗಿದ್ದರಲ್ಲಿ ಈ ಪುಡಿಯ ಪಾಲು ದೊಡ್ಡದು. ಸಿಡುಬಿನ ಕತೆ ಹೇಳುವಾಗ ಜೆನ್ನರನ ಹೆಸರು ಎಲ್ಲರೂ ಹೇಳುತ್ತಾರೆ. ಕಾಲಿಯರನನ್ನು ನೆನೆಯುವವರು ಕಡಿಮೆ.

ನಮ್ಮ ಬೆಳಗಾವಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂದೇ ಜನ ಕರೆಯುವ ಮರಗಳ ಆವರಣವಿದೆ. ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ರಾಜ್ಯಕ್ಕೆ ಬಂದಾಗ ಬೆಂಗಳೂರಿನ ಜೊತೆಗೆ ಬೆಳಗಾವಿಯ ಸಂಗ್ರಹಾಗಾರಕ್ಕೂ ಬಂತು.

ಎಲ್ಲ ಲಸಿಕೆಗೂ ಸಿಡುಬಿನ ಪುಡಿಯ ಗಟ್ಟಿತನ ಇಲ್ಲ. ಇಂದಿನ ಮಕ್ಕಳ ಲಸಿಕೆಗಳಲ್ಲಿ ಬಹುಪಾಲನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಕಾರ್ಖಾನೆಯ ಬಾಗಿಲಿನಿಂದ ವಿಮಾನ, ರಾಜ್ಯದ ಉಗ್ರಾಣ, ಜಿಲ್ಲೆಯ ಉಗ್ರಾಣ, ಆರೋಗ್ಯ ಕೇಂದ್ರ, ಅಲ್ಲಿಂದ ನೀಲಿ ಪೆಟ್ಟಿಗೆಯಲ್ಲಿ ಅಂಗನವಾಡಿಯವರೆಗೆ ಈ ಅಳತೆ ತಪ್ಪಬಾರದು. ಇದಕ್ಕೆ ಶೀತಲ ಸರಪಳಿ ಎಂದು ಹೆಸರು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದ ಮೇಲೆ ಈ ಸರಪಳಿ ಹಳ್ಳಿಗಳತ್ತ ಚಾಚಿಕೊಂಡಿತು.

ಬಾಗಿಲು ಮೇಲೇಕೆ?

ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಯಂತ್ರವನ್ನು ಅಲ್ಲಿಯವರು ‘ಐಎಲ್‌ಆರ್’ ಎನ್ನುತ್ತಾರೆ. ಮಂಜುಗಡ್ಡೆಯ ಒಳಗೋಡೆಯಿರುವ ರೆಫ್ರಿಜರೇಟರ್ ಎಂದು ಅದರ ಅರ್ಥ. ಮನೆಯ ಫ್ರಿಜ್ಜಿನಂತೆ ಇದಕ್ಕೆ ಮುಂದೆ ಬಾಗಿಲಿಲ್ಲ. ಐಸ್‌ಕ್ರೀಂ ಅಂಗಡಿಯ ಪೆಟ್ಟಿಗೆಯಂತೆ ಮೇಲಿನಿಂದ ತೆರೆಯುತ್ತದೆ. ತಣ್ಣನೆಯ ಗಾಳಿ ಬಿಸಿ ಗಾಳಿಗಿಂತ ಭಾರ. ಮುಂಬಾಗಿಲು ತೆರೆದರೆ ಅದು ನೀರಿನಂತೆ ನೆಲಕ್ಕೆ ಸುರಿದುಹೋಗುತ್ತದೆ. ಮೇಲಿನ ಮುಚ್ಚಳ ತೆಗೆದರೆ ಬಾವಿಯ ನೀರಿನಂತೆ ಅಲ್ಲಿಯೇ ನಿಲ್ಲುತ್ತದೆ.

ಇನ್ನು ಮಂಜುಗಡ್ಡೆಯ ಗೋಡೆ. ಭೌತಶಾಸ್ತ್ರದ ಪಾಠದಲ್ಲಿ ಗುಪ್ತೋಷ್ಣ ಓದಿದವರಿಗೆ ಇದು ಹೊಸದಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟನ್ನೂ ಕುಡಿಯುವವರೆಗೆ ಅದು ಸೊನ್ನೆ ಡಿಗ್ರಿ ಬಿಟ್ಟು ಮೇಲೇರುವುದಿಲ್ಲ. ಕರೆಂಟು ಹೋದಾಗ ಹೊರಗಿನ ಸೆಕೆಯನ್ನೆಲ್ಲ ಈ ಗೋಡೆ ನುಂಗುತ್ತಾ ಒಳಗಿನ ಲಸಿಕೆಯನ್ನು ತಂಪಾಗಿಡುತ್ತದೆ. ದಿನದ 24 ಗಂಟೆಗಳಲ್ಲಿ ಎಂಟು ಗಂಟೆ ವಿದ್ಯುತ್ ಸಿಕ್ಕರೂ ಐಎಲ್‌ಆರ್ ತನ್ನ ಕೆಲಸ ನಡೆಸಬಲ್ಲದು. ಆದರೆ ಷರತ್ತು ಇದೆ: ಕರೆಂಟು ಇಲ್ಲದಾಗ ಮುಚ್ಚಳ ತೆರೆಯಬಾರದು. ಗೋಡೆಗೆ ತಾಗಿಸಿ ಇಡಬಾರದು, ಸುತ್ತಲೂ ಹತ್ತು ಸೆಂಟಿಮೀಟರ್ ಜಾಗ ಬಿಡಬೇಕು. ಒಳಗೆ ಊಟದ ಡಬ್ಬಿ, ಕುಡಿಯುವ ನೀರು ಸೇರಬಾರದು. ಬೇಸಿಗೆಯ ಮಧ್ಯಾಹ್ನ ಈ ಕೊನೆಯ ನಿಯಮ ಪಾಲಿಸುವುದು ಹೇಳಿದಷ್ಟು ಸುಲಭವಲ್ಲ.

ಪಕ್ಕದಲ್ಲಿಯೇ ಡೀಪ್ ಫ್ರೀಜರ್ ಇರುತ್ತದೆ. ಅದರ ಉಷ್ಣಾಂಶ ಸೊನ್ನೆಗಿಂತ 15ರಿಂದ 25 ಡಿಗ್ರಿ ಕೆಳಗೆ. ಆರೋಗ್ಯ ಕೇಂದ್ರದಲ್ಲಿ ಇದು ಲಸಿಕೆ ಇಡಲು ಇರುವುದಲ್ಲ, ಐಸ್ ಪ್ಯಾಕ್ ತಯಾರಿಸಲು ಇರುವುದು.

ಪುಸ್ತಕ ಏನು ಹೇಳುತ್ತದೆ

ಉಷ್ಣಾಂಶದ ಪುಸ್ತಕದಲ್ಲಿ ಬರೆದದ್ದೆಲ್ಲ 2ರಿಂದ 8ರೊಳಗೆ ಇದ್ದರೆ ಸಾಕು ಎಂದು ಹೊರಗಿನವರಿಗೆ ಅನಿಸುತ್ತದೆ. ಬಲ್ಲವರು ಅದನ್ನು ಬೇರೆ ರೀತಿ ಓದುತ್ತಾರೆ. ಒಂದು ಪುಟವನ್ನು ಊಹಿಸಿಕೊಳ್ಳಿ. ಸೋಮವಾರ ಬೆಳಿಗ್ಗೆ 4, ಸಂಜೆ 5. ಮಂಗಳವಾರವೂ ಹಾಗೆಯೇ. ಬುಧವಾರ 5, 6. ಗುರುವಾರ 6, 7. ಶುಕ್ರವಾರ ಬೆಳಿಗ್ಗೆಯೇ 7. ಇದರಲ್ಲಿ ಒಂದು ಅಂಕಿಯೂ ನಿಯಮ ಮೀರಿಲ್ಲ, ಆದರೂ ಪುಟ ಕೂಗಿ ಹೇಳುತ್ತಿದೆ. ಮುಚ್ಚಳದ ರಬ್ಬರ್ ಸಡಿಲವಾಗಿರಬಹುದು. ಒಳಗಿನ ಹಿಮ ಅರ್ಧ ಸೆಂಟಿಮೀಟರಿಗಿಂತ ದಪ್ಪ ಕಟ್ಟಿರಬಹುದು. ಯಾರೋ ಥರ್ಮೋಸ್ಟಾಟ್ ತಿರುಗಿಸಿರಬಹುದು. ಶುಕ್ರವಾರವೇ ಮೆಕ್ಯಾನಿಕ್‌ಗೆ ಕರೆ ಹೋದರೆ ಲಸಿಕೆ ಉಳಿಯುತ್ತದೆ. ಸೋಮವಾರದವರೆಗೆ ಕಾದರೆ ಭಾನುವಾರ ಅದು 10 ದಾಟಿರುತ್ತದೆ. ಒಂದೊಂದೇ ಅಂಕಿಗೆ ಬಾಯಿಲ್ಲ, ಸಾಲಾಗಿ ಬರೆದಾಗ ಯಂತ್ರದ ಕಾಯಿಲೆ ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ರೋಗಿಯ ಮಂಚಕ್ಕೆ ತೂಗುಹಾಕಿದ ಜ್ವರದ ಚಾರ್ಟಿನ ಉಪಯೋಗವೂ ಇದೇ ತಾನೆ?

ಇದಕ್ಕೆ ವಿರುದ್ಧವಾದ ಪುಟವೂ ಉಂಟು. ತಿಂಗಳಿಡೀ ಬೆಳಿಗ್ಗೆ 4, ಸಂಜೆ 4. ಮಳೆ ಬಂದ ದಿನವೂ 4, ಕರೆಂಟು ಹೋದ ದಿನವೂ 4, ಒಂದೇ ಪೆನ್ನಿನ ಒಂದೇ ಶಾಯಿ. ಇಂಥ ಪುಟ ಕಂಡರೆ ಮೇಲ್ವಿಚಾರಕರಿಗೆ ಅನುಮಾನ ಬರಲೇಬೇಕು. ನಿಜವಾದ ಯಂತ್ರ ಉಸಿರಾಡುತ್ತದೆ. ಅದರ ಅಂಕಿ ಅರ್ಧ, ಒಂದು ಡಿಗ್ರಿ ಏರಿಳಿಯುತ್ತಲೇ ಇರುತ್ತದೆ. ತಪ್ಪು ಅಂಕಿ ಬರೆದವರನ್ನು ಗದರಿಸುವುದು ಸುಲಭ. ಆದರೆ ‘9’ ಎಂದು ಪ್ರಾಮಾಣಿಕವಾಗಿ ಬರೆದ ಸಿಬ್ಬಂದಿಗೆ ಮೆಮೊ ಕೊಡುವ ಕಚೇರಿಯಲ್ಲಿ ಎಲ್ಲರೂ ಬೇಗನೆ 4 ಬರೆಯಲು ಕಲಿಯುತ್ತಾರೆ. ಆ 9ನ್ನು ದೂರಿನಂತೆ ನೋಡದೆ ಸುದ್ದಿಯಂತೆ ನೋಡುವ ಅಧಿಕಾರಿ ಇದ್ದಲ್ಲಿ ಮಾತ್ರ ಪುಸ್ತಕ ನಿಜ ಹೇಳುತ್ತದೆ.

ಬಿಸಿಗಿಂತ ಚಳಿಯೇ ಕಳ್ಳ

ಔಷಧಿ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಬಿಸಿಲ ನಾಡಿನವರಾದ ನಮಗೆ ಅದು ಇನ್ನೂ ಸಹಜ. ಆದರೆ ಲಸಿಕೆಯ ವಿಷಯದಲ್ಲಿ ಈ ನಂಬಿಕೆ ಬಹಳ ನಷ್ಟ ಮಾಡಿದೆ. ಬಾಯಿಗೆ ಹಾಕುವ ಪೋಲಿಯೊ ಹನಿ ಬಿಸಿಗೆ ಅಂಜುತ್ತದೆ; 37 ಡಿಗ್ರಿಯಲ್ಲಿ ಎರಡೇ ದಿನದಲ್ಲಿ ಬಳಸಲಾಗದ ಸ್ಥಿತಿಗೆ ಬರುತ್ತದೆ. ಹೆಪಟೈಟಿಸ್-ಬಿ ಲಸಿಕೆ ಅದೇ ಸೆಕೆಯನ್ನು ಸುಮಾರು 30 ದಿನ ತಡೆದುಕೊಳ್ಳಬಲ್ಲದು. ಆದರೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋಗಿ ಹೆಪ್ಪುಗಟ್ಟಿತೋ, ಅದರ ಕತೆ ಮುಗಿಯಿತು. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟ್, ಧನುರ್ವಾಯು ಮತ್ತು ಗಂಟಲಮಾರಿಯ ಟಿಡಿ ಲಸಿಕೆಗಳೂ ಇದೇ ಜಾತಿಯವು.

ಕಾರಣ ಅಲ್ಯೂಮಿನಿಯಂ. 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನ್ನಿ ಒಂದು ಸಂಗತಿ ತೋರಿಸಿದರು. ಲಸಿಕೆಯ ಜೊತೆ ಅಲ್ಯೂಮಿನಿಯಂ ಲವಣ ಸೇರಿಸಿದರೆ ದೇಹ ಹೆಚ್ಚು ಜೋರಾಗಿ ಸ್ಪಂದಿಸುತ್ತದೆ. ಅಂದಿನಿಂದ ಹಲವು ಲಸಿಕೆಗಳಲ್ಲಿ ಮುಖ್ಯ ಅಂಶ ಈ ಲವಣದ ಅತಿಸೂಕ್ಷ್ಮ ಕಣಗಳಿಗೆ ಅಂಟಿಕೊಂಡಿರುತ್ತದೆ. ದ್ರವ ಹೆಪ್ಪುಗಟ್ಟುವಾಗ ಬೆಳೆಯುವ ಮಂಜಿನ ಹರಳುಗಳು ಈ ಕಣಗಳನ್ನು ಒಂದೆಡೆ ಒತ್ತಿ ಗಂಟು ಕಟ್ಟಿಸುತ್ತವೆ. ಕರಗಿದ ಮೇಲೂ ಗಂಟು ಬಿಡುವುದಿಲ್ಲ, ರಾಗಿ ಮುದ್ದೆಯಲ್ಲಿ ಕಟ್ಟಿದ ಹಿಟ್ಟಿನ ಗಂಟಿನಂತೆ. ಲಸಿಕೆಯ ಸತ್ವ ಹಾಳಾಗುತ್ತದೆ.

ಇದನ್ನು ಪತ್ತೆ ಮಾಡುವ ಸರಳ ಪರೀಕ್ಷೆಯೊಂದಿದೆ. ಅನುಮಾನದ ಸೀಸೆಯ ಜೊತೆಗೆ ಅದೇ ಕಂಪನಿಯ ಅದೇ ಬ್ಯಾಚಿನ ಇನ್ನೊಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ. ಎರಡನ್ನೂ ಕುಲುಕಿ ಪಕ್ಕಪಕ್ಕ ಇಟ್ಟು ಕಾಯುತ್ತಾರೆ. ಹೆಪ್ಪುಗಟ್ಟಿಸಿದ ಸೀಸೆಯಲ್ಲಿ ಗಸಿ ಬೇಗ ತಳ ಸೇರುತ್ತದೆ. ಅನುಮಾನದ ಸೀಸೆಯೂ ಅಷ್ಟೇ ವೇಗವಾಗಿ ಗಸಿ ಬಿಟ್ಟರೆ ಅದೂ ಚಳಿಗೆ ಸಿಕ್ಕಿದೆ ಎಂದರ್ಥ. ನೋಡಿದರೆ ಮನೆಮದ್ದಿನಂತಿರುವ ಈ ‘ಶೇಕ್ ಟೆಸ್ಟ್’ ಎಷ್ಟು ನಂಬಿಕೆಗೆ ಅರ್ಹ ಎಂದು ಉಮಿತ್ ಕಾರ್ಟೊಗ್ಲು ಮತ್ತು ಸಂಗಡಿಗರು ಪರೀಕ್ಷಿಸಿ 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರೀಕ್ಷೆ ಒಮ್ಮೆಯೂ ತಪ್ಪಲಿಲ್ಲ. ಸೀಸೆ ಗಟ್ಟಿಯಾಗಿ ಹೆಪ್ಪುಗಟ್ಟಿರುವುದು ಕಣ್ಣಿಗೇ ಕಂಡರೆ ಪರೀಕ್ಷೆಯೂ ಬೇಕಿಲ್ಲ, ತೆಗೆದಿಡಬೇಕು ಅಷ್ಟೆ.

ಈ ಚಳಿಯ ಹಾನಿ ಅಪರೂಪವೂ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಪರಿಶೀಲಿಸಿದ ರೆಫ್ರಿಜರೇಟರ್‌ ಅಥವಾ ಸಾಗಣೆಗಳಲ್ಲಿ ಶೇಕಡಾ 14ರಿಂದ 35ರಷ್ಟು ಲಸಿಕೆಯನ್ನು ಹೆಪ್ಪುಗಟ್ಟುವ ಉಷ್ಣಾಂಶಕ್ಕೆ ಒಡ್ಡಿದ್ದವು. ಇದು ಬಡ ದೇಶಗಳ ಸಮಸ್ಯೆ ಮಾತ್ರವಲ್ಲ, ಶ್ರೀಮಂತ ದೇಶಗಳಲ್ಲೂ ಕಂಡುಬಂತು.

ಹೀಗಾಗಿಯೇ ಐಎಲ್‌ಆರ್‌ನಲ್ಲಿ ಯಾವ ಸೀಸೆಗೆ ಯಾವ ಜಾಗ ಎಂಬುದಕ್ಕೂ ಲೆಕ್ಕವಿದೆ. ತಳ ಅತಿ ತಂಪು. ಅಲ್ಲಿ ಪೋಲಿಯೊ ಹನಿಯಂಥವು ಇರಬಹುದು. ಚಳಿಗೆ ಅಂಜುವ ಲಸಿಕೆಗಳು ಮೇಲೆ, ಬುಟ್ಟಿಯಲ್ಲಿ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ನೀಲಿ ಪೆಟ್ಟಿಗೆಗೆ ತುಂಬುವಂತಿಲ್ಲ. ಹೊರಗಿಟ್ಟು, ಅದು ಬೆವರಿ, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಕರಗತೊಡಗಿದ ಮಂಜುಗಡ್ಡೆಯ ಉಷ್ಣಾಂಶ ಸೊನ್ನೆ ಡಿಗ್ರಿ. ಅದು ಲಸಿಕೆಯನ್ನು ಹೆಪ್ಪುಗಟ್ಟಿಸಲಾರದು. ಲಸಿಕೆಯ ದಿನ ಬೆಳಿಗ್ಗೆ ಹೊರಡುವ ಅವಸರದಲ್ಲಿ ಈ ಕಾಯುವಿಕೆಯೇ ಮೊದಲು ತಪ್ಪಿಹೋಗುವ ಹೆಜ್ಜೆ.

ಸೀಸೆಯ ಮೇಲಿನ ಚೌಕ

ಪುಸ್ತಕ ಕೇಂದ್ರದಲ್ಲಿರುತ್ತದೆ, ಸೀಸೆ ಊರೂರು ಸುತ್ತುತ್ತದೆ. ದಾರಿಯ ಲೆಕ್ಕ ಇಡುವವರು ಯಾರು? ಇದಕ್ಕೆ ಸೀಸೆಗೇ ಒಂದು ಗುರುತು ಅಂಟಿಸುವ ಉಪಾಯ ಬಂತು. 1996ರಿಂದ ಪೋಲಿಯೊ ಹನಿಯ ಸೀಸೆಗಳ ಮೇಲೆ ಕಾಣಿಸಿಕೊಂಡ ಈ ಗುರುತಿನ ಹೆಸರು ವ್ಯಾಕ್ಸಿನ್ ವಯಲ್ ಮಾನಿಟರ್, ಚಿಕ್ಕದಾಗಿ ವಿವಿಎಂ. ನೇರಳೆ ಬಣ್ಣದ ವೃತ್ತ, ನಡುವೆ ಬಿಳಿಯ ಚೌಕ. ಚೌಕದಲ್ಲಿರುವ ರಾಸಾಯನಿಕ ಶಾಖ ತಾಗಿದಂತೆ ಕಪ್ಪಾಗುತ್ತಾ ಹೋಗುತ್ತದೆ. ಸೆಕೆ ಹೆಚ್ಚಾದಷ್ಟೂ ಬೇಗ. ಮತ್ತೆ ತಂಪಿನಲ್ಲಿಟ್ಟರೆ ಬಣ್ಣ ಹಿಂದಕ್ಕೆ ಬರುವುದಿಲ್ಲ. ಚೌಕ ವೃತ್ತಕ್ಕಿಂತ ತೆಳುವಾಗಿದ್ದರೆ, ಅವಧಿ ಮೀರಿಲ್ಲದಿದ್ದರೆ, ಲಸಿಕೆ ಬಳಸಬಹುದು. ಚೌಕವೂ ವೃತ್ತವೂ ಒಂದೇ ಬಣ್ಣವಾದರೆ, ಅಥವಾ ಚೌಕವೇ ಗಾಢವಾದರೆ, ಬಿಸಾಡಬೇಕು.

ಓದು ಬಾರದವರೂ ಓದಬಲ್ಲ ಗುರುತು ಇದು. ಭಾರತದಲ್ಲಿ 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಅಭಿಯಾನ ಬಸ್ ನಿಲ್ದಾಣ, ಸಂತೆ, ಇಟ್ಟಿಗೆ ಗೂಡುಗಳವರೆಗೆ ಹೋದಾಗ, ಕೈಯಲ್ಲಿರುವ ಹನಿ ಇನ್ನೂ ಜೀವಂತವಿದೆಯೇ ಎಂದು ಕಾರ್ಯಕರ್ತೆಗೆ ಹೇಳಿದ್ದು ಈ ಚೌಕ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಆದರೆ ವಿವಿಎಂ ಬಿಸಿಯ ಲೆಕ್ಕ ಮಾತ್ರ ಇಡುತ್ತದೆ. ಹೆಪ್ಪುಗಟ್ಟಿ ಕೆಟ್ಟ ಸೀಸೆಯ ಚೌಕ ಹಾಲಿನಂತೆ ಬೆಳ್ಳಗಿರಬಹುದು. ಹಾಗಾಗಿ ಥರ್ಮಾಮೀಟರ್ ಮತ್ತು ಪುಸ್ತಕಕ್ಕೆ ರಜೆ ಸಿಗಲಿಲ್ಲ.

ಪುಸ್ತಕಕ್ಕೂ ಮಿತಿಯಿದೆ. ಬೆಳಿಗ್ಗೆ 9ಕ್ಕೆ ನೋಡಿದ 4 ಡಿಗ್ರಿ, ನಸುಕಿನ 3ಕ್ಕೆ ಏನಾಗಿತ್ತು ಎಂದು ಹೇಳಲಾರದು. ಈ ಕುರುಡು ಗಂಟೆಗಳನ್ನು ತುಂಬಲು ಎಲೆಕ್ಟ್ರಾನಿಕ್ ದಾಖಲೆಗಾರಗಳು ಬಂದವು. 2015ರಿಂದ ಕೆಲವು ರಾಜ್ಯಗಳಲ್ಲಿ ಆರಂಭಗೊಂಡು ಈಗ ದೇಶವೆಲ್ಲ ಹರಡಿರುವ ‘ಇವಿನ್’ ವ್ಯವಸ್ಥೆಯಲ್ಲಿ ಪೆಟ್ಟಿಗೆಯೊಳಗಿನ ಸಂವೇದಕ ಹಗಲು ರಾತ್ರಿ ಉಷ್ಣಾಂಶ ಅಳೆದು ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ಅಳತೆ ತಪ್ಪಿದರೆ ಜವಾಬ್ದಾರರ ಫೋನಿಗೆ ಎಚ್ಚರಿಕೆ ಹೋಗುತ್ತದೆ. ಸಂಶಯವಿಲ್ಲ, ಇದು ದೊಡ್ಡ ಹೆಜ್ಜೆ. ಆದರೆ ನಡುರಾತ್ರಿ ಎರಡು ಗಂಟೆಗೆ ಬಂದ ಎಚ್ಚರಿಕೆಯನ್ನು ನೋಡಿ ಎದ್ದು, ಬೀಗದ ಕೈ ಹುಡುಕಿ, ಲಸಿಕೆಯನ್ನು ಬೇರೆ ಪೆಟ್ಟಿಗೆಗೆ ವರ್ಗಾಯಿಸುವವರು ಮನುಷ್ಯರೇ. ಅವರಿಗೆ ಫೋನು ಮಾಡಲು ಮೆಕ್ಯಾನಿಕ್ ಇರಬೇಕು, ಮೆಕ್ಯಾನಿಕ್ ಬಳಿ ಬಿಡಿಭಾಗ ಇರಬೇಕು.

ಮನೆಯಲ್ಲಿ, ಶಾಲೆಯಲ್ಲಿ

ತಂದೆ ತಾಯಿಯರು ಲಸಿಕೆ ಹಾಕಿಸುವಾಗ ಸೀಸೆಯನ್ನು ನೋಡಬೇಕೆಂದು ಕೇಳಬಹುದು. ಚೌಕದ ಬಣ್ಣ, ಅವಧಿ ಮುಗಿಯುವ ದಿನಾಂಕ, ಇಷ್ಟು ಸಾಕು. ‘ಸಿಸ್ಟರ್, ಸೀಸೆ ಒಮ್ಮೆ ತೋರಿಸ್ತೀರಾ?’ ಎಂದು ಕೇಳಿದರೆ ಕೆಲಸ ಬಲ್ಲವರು ಬೇಸರಪಡುವುದಿಲ್ಲ. ದಡಾರ-ರುಬೆಲ್ಲಾ, ಬಿಸಿಜಿ ಲಸಿಕೆಗಳು ಪುಡಿಯಾಗಿದ್ದು, ದ್ರಾವಣ ಸೇರಿಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಸೀಸೆ ತೆರೆದ ಹೊತ್ತನ್ನು ಅದರ ಮೇಲೆ ಬರೆದಿದ್ದಾರೆಯೇ ಎಂದೂ ಗಮನಿಸಬಹುದು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್‌ಗೂ ಇದೇ ನ್ಯಾಯ. ತೆರೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್ ಗೂಡಿಗೆ ತಾಗಿಸಿ ಇಟ್ಟು ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬಾರದು. ಫ್ರಿಜ್ಜಿನ ಬಾಗಿಲಿನ ಗೂಡೂ ಒಳ್ಳೆಯದಲ್ಲ. ಹಾಲಿಗೆಂದು, ಕರಿಬೇವಿಗೆಂದು ಬಾಗಿಲು ತೆರೆದಾಗಲೆಲ್ಲ ಅದು ಅಡುಗೆಮನೆಯ ಸೆಕೆಗೆ ಬರುತ್ತದೆ.

ಎಷ್ಟು ಸೆಕೆಗೆ? ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ತಾವೇ ಅಳೆಯಬಹುದು. ಶಾಲೆಯ ಪ್ರಯೋಗಾಲಯದಿಂದ ಆಲ್ಕೊಹಾಲ್ ಥರ್ಮಾಮೀಟರ್ ಎರಡು ಬೇಕು. ಜ್ವರ ನೋಡುವ ಥರ್ಮಾಮೀಟರ್ ಕೆಲಸಕ್ಕೆ ಬಾರದು, ಅದರ ಅಳತೆ ಶುರುವಾಗುವುದೇ ಸುಮಾರು 35 ಡಿಗ್ರಿಯಿಂದ. ಸಣ್ಣ ಲೋಟ ನೀರಿನಲ್ಲಿ ಒಂದನ್ನು ಮುಳುಗಿಸಿ ನಡುವಿನ ತಟ್ಟೆಯಲ್ಲಿ, ಇನ್ನೊಂದನ್ನು ಹಾಗೆಯೇ ನೀರಿನ ಲೋಟದ ಸಮೇತ ಬಾಗಿಲಿನ ಗೂಡಿನಲ್ಲಿ ಇಡಿ. ಒಂದು ರಾತ್ರಿ ಬಿಟ್ಟು, ಮರುದಿನದಿಂದ ಏಳು ದಿನ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಸಂಜೆ ಅಡುಗೆಯ ಹೊತ್ತಿಗೆ ಒಮ್ಮೆ ಓದಿ ಬರೆಯಿರಿ. ನೀರು ಯಾಕೆಂದರೆ, ಬಾಗಿಲು ತೆರೆದೊಡನೆ ಗಾಳಿಯ ಉಷ್ಣಾಂಶ ನೆಗೆಯುತ್ತದೆ, ಸೀಸೆಯೊಳಗಿನ ದ್ರವ ಅಷ್ಟು ಬೇಗ ಬಿಸಿಯಾಗುವುದಿಲ್ಲ; ದ್ರವದ ಸ್ಥಿತಿ ತಿಳಿಯಬೇಕಾದರೆ ದ್ರವದಲ್ಲಿಯೇ ಅಳೆಯಬೇಕು. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಮನೆಗೆ ನೆಂಟರು ಬಂದ ದಿನ ಎಲ್ಲವನ್ನೂ ಪಕ್ಕದಲ್ಲಿ ಗುರುತು ಹಾಕಿ. ಒಂದೊಂದು ಥರ್ಮಾಮೀಟರಿನ ಹದಿನಾಲ್ಕು ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದಾಗ ಎರಡು ಗೆರೆಗಳು ಎಲ್ಲಿ ಹತ್ತಿರ, ಎಲ್ಲಿ ದೂರ ಎಂದು ನೋಡಿ. ಒಂದು ದಿನ ಬರೆಯಲು ಮರೆತಿದ್ದರೆ ಆ ಜಾಗವನ್ನು ಖಾಲಿಯೇ ಬಿಡಿ, ಊಹೆಯ ಅಂಕಿ ತುಂಬಬೇಡಿ.